ಅಲಾಸ್ಕಾದ ಹಳ್ಳಿಗೆ ಮೇಷ್ಟ್ರಾಗಿ ಹೋಗುವುದು, ಐಸ್ ಕೊರೆದು ಮೀನು ಹಿಡಿಯುವುದು: ಸಮಗ್ರ ಮಾರ್ಗದರ್ಶಿ

ಅಲಾಸ್ಕಾದ ನಕ್ಷೆ ತೆಗೆದು ರಸ್ತೆಗಳನ್ನು ಹುಡುಕಿ. ಆಂಕರೇಜ್, ಫೇರ್‌ಬ್ಯಾಂಕ್ಸ್ ಸುತ್ತಮುತ್ತ ಒಂದಿಷ್ಟು ಗೆರೆಗಳು ಕಾಣುತ್ತವೆ. ಪಶ್ಚಿಮದ ಕಡೆ ನೋಡಿದರೆ ಬರೀ ನದಿ, ಕೆರೆ, ಜೌಗು. ಆದರೂ ಅಲ್ಲಿ ಊರುಗಳಿವೆ, ಊರಲ್ಲಿ ಶಾಲೆ ಇದೆ. ಮೇಷ್ಟ್ರುಗಳು ಮಾತ್ರ ಸಾಲುತ್ತಿಲ್ಲ. ಅದಕ್ಕೇ ಅಲ್ಲಿನ ಶಾಲಾ ಡಿಸ್ಟ್ರಿಕ್ಟ್‌ಗಳು (ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳು) ಹೊರದೇಶದಿಂದ, ಅದರಲ್ಲೂ ಫಿಲಿಪ್ಪೀನ್ಸ್‌ನಿಂದ, ಶಿಕ್ಷಕರನ್ನು ಕರೆಸಿಕೊಳ್ಳುತ್ತಾ ಬಂದಿವೆ.

ನಾನು ಗಣಿತ ಕಲಿಸಿದ್ದು ಕುಸ್ಕೊಕ್ವಿಮ್ ನದಿಯ ಕೆಳಭಾಗದ ಒಂದು ಯೂಪಿಕ್ ಹಳ್ಳಿಯಲ್ಲಿ. ಯೂಪಿಕ್ ಅಂದರೆ ಅಲ್ಲಿನ ಮೂಲನಿವಾಸಿ ಜನ. ನಮ್ಮದು ಉಡುಪಿ ಕಡೆ, ಹಾಗಾಗಿ ಮೀನು ಹೊಸದಾಗಿರಲಿಲ್ಲ. ಐಸ್ ಹೊಸದು. ಈ ಬರಹದಲ್ಲಿ ಕೆಲಸದ ವಿಷಯವೂ ಇದೆ, ಮೀನಿನ ವಿಷಯವೂ ಇದೆ, ಯಾಕೆಂದರೆ ಅಲ್ಲಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಚಳಿಗಾಲ ಪೂರ್ತಿ ಶಾಲೆ ಬಿಟ್ಟರೆ ಮನೆ ಅಂತ ಇದ್ದವರು ಬೇಗ ಸೋತುಹೋಗುತ್ತಾರೆ. ನದಿಗೆ ಇಳಿದವರು ಉಳಿಯುತ್ತಾರೆ. ನಾನು ಕಂಡದ್ದು ಹೀಗೆ.

ಹೆಜ್ಜೆ 1: ಕಾಗದಪತ್ರ

ಇದನ್ನು ಬೇಗ ಮುಗಿಸುತ್ತೇನೆ, ನಿಯಮಗಳು ಆಗಾಗ ಬದಲಾಗುತ್ತವೆ. ಕೆಲಸ ಹುಡುಕಲು ಒಳ್ಳೆಯ ಜಾಗ ಅಲಾಸ್ಕಾ ಟೀಚರ್ ಪ್ಲೇಸ್‌ಮೆಂಟ್. ರಾಜ್ಯದ ಡಿಸ್ಟ್ರಿಕ್ಟ್‌ಗಳ ಖಾಲಿ ಹುದ್ದೆಗಳು ಅಲ್ಲಿ ಒಟ್ಟಿಗೆ ಸಿಗುತ್ತವೆ. ನಿಮ್ಮ ಡಿಗ್ರಿ ಮತ್ತು ಬಿ.ಎಡ್. ಅಂಕಪಟ್ಟಿಗಳನ್ನು ಅಮೆರಿಕದ ಲೆಕ್ಕಕ್ಕೆ ಹೊಂದಿಸಿ ಮೌಲ್ಯಮಾಪನ ಮಾಡಿಸಬೇಕು. ಆಮೇಲೆ ರಾಜ್ಯದ ಶಿಕ್ಷಣ ಇಲಾಖೆಯಿಂದ ಟೀಚಿಂಗ್ ಸರ್ಟಿಫಿಕೇಟ್ ಪಡೆಯಬೇಕು. ಅದನ್ನು ಉಳಿಸಿಕೊಳ್ಳಲು ಅಲಾಸ್ಕಾದ ಇತಿಹಾಸ ಮತ್ತು ಅಲ್ಲಿನ ಸಂಸ್ಕೃತಿಗಳ ಬಗ್ಗೆ ಕೋರ್ಸ್ ಮಾಡಬೇಕಾಗುತ್ತದೆ. ಬೇಸರ ಪಡಬೇಡಿ, ಉಪಯೋಗಕ್ಕೆ ಬರುವ ಕೋರ್ಸ್ ಅದು.

ವೀಸಾ ಎರಡು ದಾರಿ. ಜೆ-1 ಶಿಕ್ಷಕರ ವೀಸಾಕ್ಕೆ ಕನಿಷ್ಠ 2 ವರ್ಷ ಕಲಿಸಿದ ಅನುಭವ ಬೇಕು. 3 ವರ್ಷಕ್ಕೆ ಕೊಡುತ್ತಾರೆ, 5ರವರೆಗೆ ವಿಸ್ತರಿಸಬಹುದು. ಎಚ್-1ಬಿ ಇನ್ನೊಂದು ದಾರಿ. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಬರುವವರ ಹೊಸ ಎಚ್-1ಬಿ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದ ಮೇಲೆ ಹಳ್ಳಿ ಶಾಲೆಗಳಿಗೆ ಆ ದಾರಿ ಬಹಳ ಕಷ್ಟವಾಯಿತು. ಸಂದರ್ಶನದಲ್ಲೇ ಯಾವ ವೀಸಾ, ಖರ್ಚು ಯಾರದು ಎಂದು ಕೇಳಿ. ನಾಚಿಕೆ ಬೇಡ.

ಅದೇ ಸಂದರ್ಶನದಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿ. ಮನೆ ಕೊಡುತ್ತೀರಾ, ಬಾಡಿಗೆ ಎಷ್ಟು? ಮನೆಯಲ್ಲಿ ನಲ್ಲಿ ನೀರು ಬರುತ್ತದಾ? ಒಂದೇ ತರಗತಿಯಲ್ಲಿ ಎಷ್ಟು ಕ್ಲಾಸಿನ ಮಕ್ಕಳಿರುತ್ತಾರೆ? ಎರಡನೆಯದನ್ನು ತಮಾಷೆಗೆ ಹೇಳುತ್ತಿಲ್ಲ. ನೀರಿನ ಪೈಪ್ ಇಲ್ಲದ ಹಳ್ಳಿಗಳು ಈಗಲೂ ಇವೆ. ಅಲ್ಲಿ ಶೌಚಕ್ಕೆ ಬಕೆಟ್, ಬಟ್ಟೆ ಒಗೆಯಲು ಮತ್ತು ಸ್ನಾನಕ್ಕೆ ಊರಿನ ವಾಷೆಟೀರಿಯಾ.

ಹೆಜ್ಜೆ 2: ಸಾಮಾನು

ಆಂಕರೇಜ್‌ನಿಂದ ಬೆಥೆಲ್‌ಗೆ ಜೆಟ್ ವಿಮಾನ ಇದೆ. ಸುಮಾರು 6 ಸಾವಿರ ಜನರ ಈ ಪಟ್ಟಣವೇ ಸುತ್ತಲ ಹಳ್ಳಿಗಳಿಗೆಲ್ಲ ತಾಲ್ಲೂಕು ಕೇಂದ್ರ ಇದ್ದ ಹಾಗೆ. ಆಸ್ಪತ್ರೆ, ದೊಡ್ಡ ಅಂಗಡಿ, ಡಿಸ್ಟ್ರಿಕ್ಟ್ ಆಫೀಸು ಎಲ್ಲ ಇಲ್ಲೇ. ಇಲ್ಲಿಂದ ಹಳ್ಳಿಗೆ ಸಣ್ಣ ವಿಮಾನ. ಹವಾಮಾನ ಕೆಟ್ಟರೆ ಬೆಥೆಲ್‌ನಲ್ಲೇ ಉಳಿಯಬೇಕಾಗುತ್ತದೆ. ಆದ್ದರಿಂದ ಎರಡು ದಿನಕ್ಕಾಗುವಷ್ಟು ಬಟ್ಟೆ, ಔಷಧಿ ಕೈಚೀಲದಲ್ಲಿರಲಿ.

ಅಕ್ಕಿ, ಬೇಳೆ, ಹಿಟ್ಟನ್ನು ಆಂಕರೇಜ್‌ನಲ್ಲಿ ಕೊಂಡು ಅಂಚೆಯಲ್ಲಿ ಕಳಿಸಿ. ಹಳ್ಳಿ ಅಂಗಡಿಯಲ್ಲಿ ಬೆಲೆ ನೋಡಿದರೆ ಕೈ ವಾಪಸ್ ಬರುತ್ತದೆ. ಸಾರಿನ ಪುಡಿ, ಹುಣಸೆ, ಪುನರ್ಪುಳಿ, ಒಣಮೆಣಸು, ಕುಕ್ಕರ್ ಇವನ್ನು ಊರಿಂದಲೇ ಒಯ್ಯಿರಿ. ಕುಕ್ಕರ್‌ಗೆ ಎರಡು ಗ್ಯಾಸ್ಕೆಟ್ ಜಾಸ್ತಿ ಇರಲಿ. ಮದ್ಯ ಮಾತ್ರ ಬೇಡ. ಎಷ್ಟೋ ಹಳ್ಳಿಗಳು ತಾವೇ ಮತ ಹಾಕಿ ಮದ್ಯ ನಿಷೇಧಿಸಿವೆ. ಅಂಥ ಊರಲ್ಲಿ ಒಂದು ಬಾಟಲಿ ಚೀಲದಲ್ಲಿ ಸಿಕ್ಕರೂ ಅಪರಾಧ, ಕೆಲಸಕ್ಕೂ ಕುತ್ತು.

ಬಟ್ಟೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಮೈಗೆ ತಾಗುವ ಪದರ ಉಣ್ಣೆ ಅಥವಾ ಸಿಂಥೆಟಿಕ್ ಇರಬೇಕು. ಹತ್ತಿ ಬೇಡವೇ ಬೇಡ. ಬೆವರು ಹೀರಿ ಒದ್ದೆಯಾಗಿ ಮೈಗೇ ಅಂಟಿ ತಣ್ಣಗಾಗುತ್ತದೆ. ಅದರ ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಉದ್ದ ಪಾರ್ಕಾ, ಅಂದರೆ ಟೋಪಿ ಸೇರಿದ ಕೋಟು. ಟೋಪಿಯ ಅಂಚಿಗೆ ತುಪ್ಪಳ ಇದ್ದರೆ ಮುಖದ ಮುಂದೆ ಗಾಳಿ ಒಡೆಯುತ್ತದೆ, ಅದು ಶೋಕಿಗಲ್ಲ. ಬೆರಳು ಬಿಡಿಬಿಡಿಯಾದ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಮಿಟನ್ ಬೆಚ್ಚಗೆ. ಬೂಟು ಒಂದು ಸೈಜ್ ದೊಡ್ಡದಿರಲಿ. ಎರಡು ಜೊತೆ ಸಾಕ್ಸ್ ಹಾಕಿದ ಮೇಲೂ ಬೆರಳು ಆಡಬೇಕು. ಬಿಗಿಯಾದರೆ ರಕ್ತ ಓಡುವುದಿಲ್ಲ, ಪಾದ ಮರಗಟ್ಟುತ್ತದೆ. ಗಾಳಿ ಸೇರಿಸಿ ಲೆಕ್ಕ ಹಾಕಿದ ಚಳಿ ಮೈನಸ್ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬರಿ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ ಸಾಕು. ಅಂದ ಹಾಗೆ ಅಲ್ಲಿ ಎಲ್ಲರೂ ಫ್ಯಾರನ್‌ಹೀಟ್‌ನಲ್ಲಿ ಮಾತಾಡುತ್ತಾರೆ. ಮೈನಸ್ 40ಕ್ಕೆ ಮಾತ್ರ ಲೆಕ್ಕ ಬದಲಿಸಬೇಕಿಲ್ಲ, ಎರಡರಲ್ಲೂ ಅದು ಒಂದೇ. ಗಣಿತದ ಮೇಷ್ಟ್ರಿಗೆ ಮೊದಲ ವಾರದ ಒಳ್ಳೆಯ ಪಾಠ!

ಹೆಜ್ಜೆ 3: ತರಗತಿ

ಶಾಲೆ ಆಗಸ್ಟ್ ಮಧ್ಯದಲ್ಲಿ ಶುರುವಾಗಿ ಮೇ ಮಧ್ಯಕ್ಕೆ ಮುಗಿಯುತ್ತದೆ. ಮೊದಲ ದಿನ ನೀವು ಪ್ರಶ್ನೆ ಕೇಳುತ್ತೀರಿ, ಯಾರೂ ಬಾಯಿ ಬಿಡುವುದಿಲ್ಲ. ಮಕ್ಕಳಿಗೆ ಬರುವುದಿಲ್ಲ ಅಂದುಕೊಂಡು ಇನ್ನೊಂದು ಪ್ರಶ್ನೆ ಎಸೆಯುತ್ತೀರಿ. ತಡೆಯಿರಿ. ಮೂರನೇ ಬೆಂಚಿನ ಹುಡುಗಿಯ ಮುಖ ನೋಡಿ. ಹುಬ್ಬು ಒಮ್ಮೆ ಮೇಲೆ ಹೋಯಿತು, ಅಷ್ಟೆ. ಅದು "ಹೌದು". ಪಕ್ಕದ ಹುಡುಗ ಮೂಗು ಸುಕ್ಕು ಮಾಡಿದ, ಅದು "ಇಲ್ಲ". ನೀವು ಬೋರ್ಡಿನ ಕಡೆ ತಿರುಗಿದ್ದರೆ ಇಡೀ ತರಗತಿ ಉತ್ತರ ಕೊಟ್ಟದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ನಮಗೆ ಮುಜುಗರ ಆಗುವಷ್ಟು ಹೊತ್ತು ಸುಮ್ನೆ ಕಾಯುವುದನ್ನು ಕಲಿಯಬೇಕು. ನಮ್ಮ ಕಡೆ "ಬೇಗ ಹೇಳು, ಬೇಗ ಹೇಳು" ಅನ್ನುವ ಅಭ್ಯಾಸ ಇದೆಯಲ್ಲ, ಅದು ಅಲ್ಲಿ ನಡೆಯುವುದಿಲ್ಲ.

ಊರಿನ ಹೈಸ್ಕೂಲಿಗೂ ಒಂದು ಕಥೆ ಇದೆ. ಮೊದಲು ಹಳ್ಳಿ ಮಕ್ಕಳು ಹೈಸ್ಕೂಲು ಓದಬೇಕೆಂದರೆ ಅಪ್ಪ ಅಮ್ಮನನ್ನು ಬಿಟ್ಟು ಬಹಳ ದೂರದ ಬೋರ್ಡಿಂಗ್ ಶಾಲೆಗೆ ಹೋಗಬೇಕಿತ್ತು. ಮಾಲಿ ಹೂಚ್ ಎಂಬ ಯೂಪಿಕ್ ಹುಡುಗಿಯ ಹೆಸರಿನಿಂದ ಪ್ರಸಿದ್ಧವಾದ ಕೇಸಿನಲ್ಲಿ 1976ರಲ್ಲಿ ರಾಜಿಯಾಯಿತು. 126 ಹಳ್ಳಿಗಳಲ್ಲಿ ಹೈಸ್ಕೂಲು ತೆರೆಯಲು ರಾಜ್ಯ ಒಪ್ಪಿತು. ನಿಮ್ಮ ವಿದ್ಯಾರ್ಥಿಯ ಅಜ್ಜ ಅಜ್ಜಿಗೆ ಬೋರ್ಡಿಂಗ್ ಶಾಲೆಯ ನೆನಪು ಇನ್ನೂ ಹಸಿಯಾಗಿರುತ್ತದೆ. ಹೊರಗಿಂದ ಬಂದ ಮೇಷ್ಟ್ರನ್ನು ಅವರು ಸ್ವಲ್ಪ ದಿನ ದೂರದಿಂದಲೇ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಶಾಲೆ ಅಂದರೆ ಅಲ್ಲಿ ಬರೀ ಪಾಠದ ಕಟ್ಟಡ ಅಲ್ಲ. ಸಂಜೆ ಬ್ಯಾಸ್ಕೆಟ್‌ಬಾಲ್, ಊರಿನ ಊಟ, ಯುರಾಕ್ ನೃತ್ಯ ಎಲ್ಲ ಅಲ್ಲೇ. 2025ರ ಅಕ್ಟೋಬರ್‌ನಲ್ಲಿ ಹಾಲೊಂಗ್ ಚಂಡಮಾರುತದ ಉಳಿಕೆ ಕಿಪ್ನುಕ್, ಕ್ವಿಗಿಲ್ಲಿಂಗೊಕ್ ಹಳ್ಳಿಗಳನ್ನು ಹಾಳು ಮಾಡಿದಾಗ ಜನ ಓಡಿದ್ದು ಶಾಲೆಗೇ. ಹಾಗಾಗಿ ಸಂಜೆ ಶಾಲೆಯ ಜಿಮ್‌ಗೆ, ಅಂದರೆ ಒಳಾಂಗಣ ಆಟದ ಹಾಲ್‌ಗೆ, ಹೋಗಿ ಕೂತುಕೊಳ್ಳಿ. ಆಡಲು ಬರದಿದ್ದರೂ ಪರವಾಗಿಲ್ಲ. ಮೀನಿಗೆ ನಿಮ್ಮನ್ನು ಕರೆದುಕೊಂಡು ಹೋಗುವವರು ಸಿಗುವುದು ಅಲ್ಲೇ.

ಹೆಜ್ಜೆ 4: ಒಬ್ಬರೇ ಹೋಗಬೇಡಿ, ಲೈಸೆನ್ಸ್ ಮರೆಯಬೇಡಿ

ಮೊದಲ ಚಳಿಗಾಲ ಪೂರ್ತಿ ಊರಿನವರ ಜೊತೆಯೇ ಹೋಗಿ. ಶಾಲೆಯಲ್ಲಿ ಕೆಲಸ ಮಾಡುವ ಸ್ಥಳೀಯ ಸಹಾಯಕ ಶಿಕ್ಷಕರು, ಅಡುಗೆಯವರು, ಕಟ್ಟಡ ನೋಡಿಕೊಳ್ಳುವವರು ಇವರಲ್ಲಿ ಯಾರನ್ನಾದರೂ ಕೇಳಿ. "ಈ ಶನಿವಾರ ನದಿಗೆ ಹೋಗ್ತೀರಾ? ನಾನೂ ಬರಬಹುದಾ?" ಅಂದರೆ ಸಾಕು. ಪೆಟ್ರೋಲ್ ಖರ್ಚಿನಲ್ಲಿ ನಿಮ್ಮ ಪಾಲು ಕೊಡಿ. ಅಲ್ಲಿ ಪೆಟ್ರೋಲ್ ತುಂಬಾ ದುಬಾರಿ.

ಹೊಸಬರಿಗೆ ಲೈಸೆನ್ಸ್ ಬೇಕು. ಅಲಾಸ್ಕಾದಲ್ಲಿ 12 ತಿಂಗಳು ವಾಸ ಆಗುವವರೆಗೆ ಮೀನಿನ ಲೆಕ್ಕದಲ್ಲಿ ನೀವು ಹೊರಗಿನವರೇ. ಊರಿನವರು ಜೀವನಕ್ಕೆಂದು ಹಿಡಿಯುವ ನಿಯಮ ನಿಮಗೆ ಅನ್ವಯಿಸುವುದಿಲ್ಲ. ನಾನ್-ರೆಸಿಡೆಂಟ್ ಸ್ಪೋರ್ಟ್ ಫಿಶಿಂಗ್ ಲೈಸೆನ್ಸ್ ಆನ್‌ಲೈನ್‌ನಲ್ಲೇ ಸಿಗುತ್ತದೆ. ಎಷ್ಟು ಗಾಳ, ದಿನಕ್ಕೆ ಎಷ್ಟು ಮೀನು ಎಂಬುದು ಆ ವರ್ಷದ ನಿಯಮ ಪುಸ್ತಕದಲ್ಲಿರುತ್ತದೆ. ಗೊಂದಲ ಇದ್ದರೆ ಬೆಥೆಲ್‌ನಲ್ಲಿರುವ ಮೀನು ಮತ್ತು ಬೇಟೆ ಇಲಾಖೆಯ ಕಚೇರಿಗೆ ಫೋನ್ ಮಾಡಿ. ವೀಸಾದ ಮೇಲೆ ಇರುವವರು ತಪ್ಪು ಲೈಸೆನ್ಸ್ ತೆಗೆದುಕೊಂಡು ಸಿಕ್ಕಿಬೀಳುವುದು ಬೇಡ.

ಹೆಜ್ಜೆ 5: ಐಸ್ ಓದುವುದು

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ.

ನದಿ ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಐಸ್ ಕಟ್ಟುತ್ತದೆ. ಕಟ್ಟುವ ಆ ಕೆಲವು ವಾರ ದೋಣಿಯೂ ಓಡುವುದಿಲ್ಲ, ಸ್ನೋಮೆಷಿನ್ನೂ (ಹಿಮದ ಮೇಲೆ ಓಡುವ ಬೈಕಿನಂಥ ಗಾಡಿ) ಓಡುವುದಿಲ್ಲ. ಆಗ ಮನೆಯಲ್ಲಿ ಕೂತು ಗಾಳ ಸಿದ್ಧ ಮಾಡಿಕೊಳ್ಳಿ. ಐಸ್ ದಪ್ಪ ಆದ ಮೇಲೆ ಅದೇ ನದಿಯನ್ನು ಗುಡಿಸಿ ರಸ್ತೆ ಮಾಡುತ್ತಾರೆ. ಕಾರು, ಟ್ರಕ್ ಎಲ್ಲ ಬೆಥೆಲ್‌ನಿಂದ ಹಳ್ಳಿ ಹಳ್ಳಿಗೆ ಅದರ ಮೇಲೇ ಓಡಾಡುತ್ತವೆ. ಒಳ್ಳೆಯ ಚಳಿ ಬಿದ್ದ ವರ್ಷ ಈ ಐಸ್ ರಸ್ತೆ 300 ಕಿಲೋಮೀಟರ್ ದಾಟುವುದೂ ಉಂಟು.

ಪಾರದರ್ಶಕ, ಗಟ್ಟಿ, ನೀಲಿ ಐಸ್‌ಗೆ ಲೆಕ್ಕ ಹೀಗೆ. ನಡೆಯಲು ಕನಿಷ್ಠ 10 ಸೆಂಟಿಮೀಟರ್. ಸ್ನೋಮೆಷಿನ್‌ಗೆ 13ರಿಂದ 18. ಕಾರಿಗೆ 20ರಿಂದ 30. ಟ್ರಕ್‌ಗೆ ಅದಕ್ಕಿಂತ ಜಾಸ್ತಿ. ಬಿಳಿ ಐಸ್, ಅಂದರೆ ಹಿಮ ನೆಂದು ಕಟ್ಟಿದ್ದು, ಅರ್ಧದಷ್ಟೇ ಗಟ್ಟಿ. ಅದಕ್ಕೆ ದಪ್ಪ ಎರಡರಷ್ಟು ಬೇಕು. ಇದೆಲ್ಲ ಕೆರೆಯ ಲೆಕ್ಕ. ನದಿಯಲ್ಲಿ ಕೆಳಗೆ ನೀರು ಹರಿಯುತ್ತಾ ಐಸ್ ಅನ್ನು ತಿನ್ನುತ್ತಿರುತ್ತದೆ. ಇಲ್ಲಿ ಒಂದು ಮೀಟರ್ ದಪ್ಪ ಇದ್ದರೆ ಹತ್ತು ಹೆಜ್ಜೆ ಆಚೆ ಒಂದು ಗೇಣು ಇರಬಹುದು.

ಅಪಾಯದ ಜಾಗಗಳು ಯಾವುವು ಅಂದರೆ: ಸಣ್ಣ ಹಳ್ಳ ಬಂದು ನದಿಗೆ ಸೇರುವ ಬಾಯಿ, ನೀರು ರಭಸವಾಗಿ ಹೊಡೆಯುವ ತಿರುವಿನ ಹೊರಬದಿ, ಬೀವರ್ ಎಂಬ ಪ್ರಾಣಿಯ ಗೂಡಿನ ಸುತ್ತ. ಹಿಮ ಬಿದ್ದರೆ ಇವೆಲ್ಲ ಮುಚ್ಚಿಹೋಗುತ್ತವೆ. ಹಿಮ ಕಂಬಳಿಯ ಕೆಲಸ ಮಾಡುತ್ತದೆ, ಅದರಡಿ ಐಸ್ ನಿಧಾನಕ್ಕೆ ಬೆಳೆಯುತ್ತದೆ. ಇನ್ನೊಂದು ಕಾಟ ಓವರ್‌ಫ್ಲೋ. ಒತ್ತಡಕ್ಕೆ ನೀರು ಐಸ್‌ನ ಬಿರುಕಿನಿಂದ ಮೇಲೆ ಬಂದು ಹಿಮದ ಅಡಿಯಲ್ಲಿ ನಿಂತಿರುತ್ತದೆ. ಮುಳುಗುವುದಿಲ್ಲ, ಆದರೆ ಬೂಟು ನೆಂದರೆ ಆ ಚಳಿಯಲ್ಲಿ ಕಾಲು ಕಳೆದುಕೊಳ್ಳಬಹುದು.

ಊರಿನವರು ಕೈಯಲ್ಲಿ ಹಾರೆ ಹಿಡಿದೇ ನಡೆಯುತ್ತಾರೆ. ನಮ್ಮೂರ ಹಾರೆಯೇ, ತುದಿಗೆ ಉಳಿಯ ಬಾಯಿ. ಪ್ರತಿ ಒಂದೆರಡು ಹೆಜ್ಜೆಗೆ ಮುಂದೆ ಒಮ್ಮೆ ಕುಟ್ಟುತ್ತಾರೆ. ಗಟ್ಟಿ ಐಸ್ ಖಣ್ ಅನ್ನುತ್ತದೆ, ಹಾರೆ ಪುಟಿಯುತ್ತದೆ. ತೆಳು ಐಸ್ ಮಂಕಾಗಿ ಬಡಿಯುತ್ತದೆ. ಒಂದೇ ಏಟಿಗೆ ನೀರು ಬಂದರೆ ಬಂದ ದಾರಿಯಲ್ಲೇ ಹಿಂದಕ್ಕೆ. ದಾರಿಯುದ್ದಕ್ಕೂ ವಿಲ್ಲೋ ಕೊಂಬೆಗಳನ್ನು ಹುಗಿದಿರುತ್ತಾರೆ. ಅವು ಊರಿನವರು ಹಾಕಿದ ಗುರುತು. ಅದನ್ನು ಬಿಟ್ಟು ಶಾರ್ಟ್‌ಕಟ್ ಹುಡುಕಬೇಡಿ. ಹೊರಡುವ ಮೊದಲು ಬೆಥೆಲ್ ಸರ್ಚ್ ಆ್ಯಂಡ್ ರೆಸ್ಕ್ಯೂದವರು ತೆರೆದ ಜಾಗಗಳ ಬಗ್ಗೆ ಏನು ಹೇಳಿದ್ದಾರೆ ಎಂದು ವಿಚಾರಿಸಿ.

ಬಿದ್ದೇಬಿಟ್ಟರೆ? ತಣ್ಣೀರಿಗೆ 1-10-1 ಎಂಬ ಸೂತ್ರ ಇದೆ. ಮೊದಲ 1 ನಿಮಿಷ ಏದುಸಿರು ಬಿಡುತ್ತೀರಿ. ಆಗ ಒದ್ದಾಡದೆ ಉಸಿರನ್ನು ಹತೋಟಿಗೆ ತನ್ನಿ. ಆಮೇಲೆ ಕೈಕಾಲು ಕೆಲಸ ಮಾಡುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಇದೆ. ಅಂದರೆ ಹೆದರಿ ಸಾಯುವಷ್ಟು ಅವಸರ ಇಲ್ಲ, ಆದರೆ ಹೊರಬರಲು ಸಿಗುವುದು ಆ ಹತ್ತೇ ನಿಮಿಷ. ಬಂದ ದಿಕ್ಕಿಗೇ ತಿರುಗಿ. ಅಲ್ಲಿಯವರೆಗೆ ಐಸ್ ನಿಮ್ಮನ್ನು ಹೊತ್ತಿತ್ತು ತಾನೆ. ಕುತ್ತಿಗೆಗೆ ನೇತುಹಾಕಿಕೊಂಡ ಐಸ್ ಪಿಕ್‌ಗಳನ್ನು (ಹಿಡಿ ಇರುವ ಚೂಪು ಮೊಳೆಗಳು) ಚುಚ್ಚಿ, ಕಾಲನ್ನು ಮೀನಿನ ಬಾಲದ ಹಾಗೆ ಬಡಿಯುತ್ತಾ ಹೊಟ್ಟೆ ಮೇಲೆ ಜಾರಿ. ಮೇಲೆ ಬಂದ ಕೂಡಲೇ ಎದ್ದು ನಿಲ್ಲಬೇಡಿ, ಉರುಳುತ್ತಾ ದೂರ ಹೋಗಿ. ಪಿಕ್ ಜೊತೆಗೆ ತೇಲುವ ಜಾಕೆಟ್ ಇದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ತೂತು ಕೊರೆಯುವುದು, ಗಾಳ ಬಿಡುವುದು

ಬೇಕಾದ ಸಾಮಾನು ಸ್ವಲ್ಪವೇ: ಐಸ್ ಬೈರಿಗೆ, ಹಾರೆ, ಜಾಲರಿ ಸೌಟು, ಗಾಳದ ಕೋಲು, ಉದ್ದ ಮೂತಿಯ ಇಕ್ಕಳ, ಕೂರಲು ಬಕೆಟ್, ಫ್ಲಾಸ್ಕಲ್ಲಿ ಚಹಾ. ಕೈಯಿಂದ ತಿರುಗಿಸುವ ಬೈರಿಗೆ ನವೆಂಬರ್‌ಗೆ ಸಾಕು. ಫೆಬ್ರವರಿ ಹೊತ್ತಿಗೆ ಐಸ್ ಒಂದು ಮೀಟರ್ ಹತ್ತಿರ ಬಂದಿರುತ್ತದೆ. ಆಗ ಬ್ಯಾಟರಿ ಅಥವಾ ಪೆಟ್ರೋಲ್ ಬೈರಿಗೆ ಇರುವವರ ಜೊತೆ ಸೇರಿಕೊಳ್ಳಿ. ಬ್ಯಾಟರಿಯನ್ನೂ ಫೋನನ್ನೂ ಕೋಟಿನ ಒಳಗೆ ಮೈಗೆ ತಾಗಿಸಿಟ್ಟುಕೊಳ್ಳಿ. ಚಳಿಗೆ ಅವು ಸುಮ್ನೆ ಸತ್ತುಹೋಗುತ್ತವೆ.

ಬೈರಿಗೆಯನ್ನು ನೇರ ಹಿಡಿದು, ಭಾರ ಹಾಕದೆ, ಅಲಗಿಗೇ ಕೆಲಸ ಬಿಡಿ. ನೀರು ಚಿಮ್ಮಿದ ತಕ್ಷಣ ತಿರುಗಿಸುತ್ತಲೇ ಮೇಲಕ್ಕೆ ಎಳೆಯಿರಿ. ಅರೆಗರಗಿದ ಪುಡಿ ಐಸ್ ಅದರ ಜೊತೆ ಬರುತ್ತದೆ. ಅಲ್ಲೇ ಬಿಟ್ಟು ಮಾತಿಗೆ ನಿಂತರೆ ಬೈರಿಗೆ ತೂತಿನಲ್ಲೇ ಕಟ್ಟಿಕೊಳ್ಳುತ್ತದೆ. ಹೊರತೆಗೆದ ಮೇಲೆ ನೀರು ಕೊಡವಿ, ಅಲಗಿಗೆ ಕವಚ ಹಾಕಿ. ಉಳಿದ ಪುಡಿಯನ್ನು ಸೌಟಿನಿಂದ ತೆಗೆಯುತ್ತಿರಿ. ಚಳಿ ಜೋರಿದ್ದರೆ ಇದು ಮುಗಿಯುವ ಕೆಲಸವೇ ಅಲ್ಲ.

ಗಾಳದ ಕೋಲು ಮೊಳದಷ್ಟು ಉದ್ದ, ತುದಿಯಲ್ಲಿ ಕಚ್ಚು, ಅದಕ್ಕೆ ದಾರ ಸುತ್ತಿರುತ್ತಾರೆ. ರೀಲ್ ಇರುವ ಗಾಳ ತರಬಹುದು, ಆದರೆ ಅದರ ಕಣ್ಣುಗಳಲ್ಲಿ ಐಸ್ ಕಟ್ಟಿ ದಾರ ಸಿಕ್ಕಿಕೊಳ್ಳುತ್ತದೆ. ಕೋಲೇ ಮೇಲು. ಹೊಳೆಯುವ ಲೋಹದ ಸ್ಪೂನ್ (ಮೀನನ್ನು ಸೆಳೆಯುವ, ಕೊಕ್ಕೆ ಇರುವ ತಗಡು) ಕಟ್ಟಿ ತಳ ಮುಟ್ಟುವವರೆಗೆ ಬಿಡಿ, ಆಮೇಲೆ ಒಂದು ಮೊಳ ಮೇಲೆ ಎಳೆಯಿರಿ. ಎತ್ತಿ, ಬಿಟ್ಟು, ಕಾಯಿರಿ. ಹೊಸಬರು ಬರೀ ಎತ್ತುತ್ತಲೇ ಇರುತ್ತಾರೆ. ಮೀನು ಕಚ್ಚುವುದು ಹೆಚ್ಚಾಗಿ ಸ್ಪೂನ್ ಕೆಳಗೆ ಬೀಳುವಾಗ ಅಥವಾ ನಿಂತಾಗ. ಮೀನು ಕಚ್ಚಿದರೆ ಎರಡು ಕೋಲುಗಳ ಮೇಲೆ ದಾರವನ್ನು ಬದಲಿಸಿ ಬದಲಿಸಿ ಸುತ್ತುತ್ತಾ ಎಳೆಯುತ್ತಾರೆ ಅಲ್ಲಿನ ಹೆಂಗಸರು. ಒದ್ದೆ ದಾರ ಕೈಗೂ ತಾಗುವುದಿಲ್ಲ, ಹಿಮದ ಮೇಲೂ ಗಂಟಾಗುವುದಿಲ್ಲ. ನೋಡಲು ಎಷ್ಟು ಸುಲಭವೋ ಮಾಡಲು ಅಷ್ಟೇ ಕಷ್ಟ, ಮನೆಯಲ್ಲಿ ಒಣ ದಾರದಲ್ಲಿ ಅಭ್ಯಾಸ ಮಾಡಿ.

ಯಾವ ಮೀನು ಎಲ್ಲಿ? ಪೈಕ್ ಸಿಗುವುದು ನಿಂತ ನೀರಿನ ಕವಲುಗಳಲ್ಲಿ, ಕೆರೆಗಳಲ್ಲಿ. ಹಲ್ಲು ಗರಗಸದಂತೆ, ಅದಕ್ಕೆ ತಂತಿಯ ತುಂಡು ಕಟ್ಟಿಯೇ ಸ್ಪೂನ್ ಹಾಕಿ. ಇಕ್ಕಳ ಇಲ್ಲದೆ ಬಾಯಿಗೆ ಕೈ ಹಾಕಬೇಡಿ. ಬರ್ಬಟ್ ನದಿಯ ತಳದಲ್ಲಿ, ಕತ್ತಲಾದ ಮೇಲೆ ಚುರುಕು. ನಡುಚಳಿಗಾಲದಲ್ಲಿ ಐಸ್ ಅಡಿಯಲ್ಲೇ ಮೊಟ್ಟೆಯಿಡುವ ಮೀನು ಅದು. ಶೀಫಿಶ್ ದೊಡ್ಡದು, ಬೆಳ್ಳಿ ಬಣ್ಣ. ಅದಕ್ಕೆ ಹೆಸರಾದ ಜಾಗ ಇನ್ನೂ ಉತ್ತರದ ಕಾಟ್ಜೆಬ್ಯೂ. ಅಲ್ಲಿನ ಇನುಪಿಯಾಟ್ ಜನ ಏಪ್ರಿಲ್‌ನಲ್ಲಿ ಹೋಥಮ್ ಕೊಲ್ಲಿಯ ಐಸ್ ಮೇಲೆ ಮನೆಮಂದಿಯೆಲ್ಲ ಕೂತು ಹಿಡಿಯುತ್ತಾರೆ. ಗಾಳಕ್ಕೆ ಸಿಕ್ಕ ಅಲಾಸ್ಕಾ ದಾಖಲೆಯ ಶೀಫಿಶ್ 53 ಪೌಂಡ್, ಅಂದರೆ 24 ಕಿಲೋ, 1986ರಲ್ಲಿ ಹಿಡಿದದ್ದು. ಇವೆಲ್ಲದಕ್ಕಿಂತ ನನಗೆ ಇಷ್ಟ ಬ್ಲ್ಯಾಕ್‌ಫಿಶ್. ಗೇಣುದ್ದದ ಕಪ್ಪು ಮೀನು, ಜೌಗಿನ ಕೊಳಗಳಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಅದಕ್ಕೆ ಗಾಳ ಅಲ್ಲ, ಐಸ್ ಅಡಿ ಕೂಣಿ ಇಡುತ್ತಾರೆ.

ಸಿಕ್ಕ ಮೀನನ್ನು ಫೋಟೋ ತೆಗೆದು ವಾಪಸ್ ಬಿಡುವ ಅಭ್ಯಾಸ ಅಮೆರಿಕದಲ್ಲಿ ಬೇರೆಡೆ ದೊಡ್ಡದು. ಯೂಪಿಕ್ ಊರಲ್ಲಿ ಮಾಡಬೇಡಿ. ಅವರ ದೃಷ್ಟಿಯಲ್ಲಿ ಅದು ಊಟದ ಜೊತೆ ಆಟ. ತನ್ನನ್ನು ಕೊಟ್ಟುಕೊಂಡ ಮೀನಿಗೆ ಮಾಡಿದ ಅವಮಾನ. ಬೇಕಾದಷ್ಟು ಹಿಡಿದು ಏಳಿ. ತಲೆಗೊಂದು ಏಟು ಕೊಟ್ಟು ಹಿಮದ ಮೇಲೆ ಇಟ್ಟರೆ ಸ್ವಲ್ಪ ಹೊತ್ತಲ್ಲೇ ಕಟ್ಟಿಗೆಯಾಗುತ್ತದೆ. ಹೊರಡುವಾಗ ತೂತಿನ ಪಕ್ಕ ಒಂದು ಕೊಂಬೆ ನಿಲ್ಲಿಸಿ, ಯಾರ ಕಾಲೂ ಸಿಕ್ಕಬಾರದು.

ಹೆಜ್ಜೆ 7: ಹಂಚುವುದು, ತಿನ್ನುವುದು

ಮೊದಲ ಮೀನು ನಿಮ್ಮದಲ್ಲ. ಊರಿನ ಹಿರಿಯರೊಬ್ಬರ ಮನೆಗೆ ಕೊಟ್ಟು ಬನ್ನಿ. ಯಾರಿಗೆ ಕೊಡಬೇಕೆಂದು ಜೊತೆಗೆ ಬಂದವರನ್ನೇ ಕೇಳಿ. ಬಾಗಿಲಲ್ಲಿ ಭಾಷಣ ಬೇಡ. ಕುಸ್ಕೊಕ್ವಿಮ್, ಯೂಕಾನ್ ನದಿಗಳಲ್ಲಿ ಬೇಸಿಗೆಯ ಸಾಲ್ಮನ್ ಕುಸಿದಿದೆ. ಯೂಕಾನ್‌ನಲ್ಲಂತೂ ಕಿಂಗ್ ಸಾಲ್ಮನ್ ಹಿಡಿಯುವುದನ್ನು 7 ವರ್ಷ ನಿಲ್ಲಿಸಲು 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಒಪ್ಪಿಕೊಂಡವು. ಹೀಗಿರುವಾಗ ಚಳಿಗಾಲದ ಒಂದು ಪೈಕ್‌ಗೂ ಬೆಲೆ ಇದೆ.

ಪೈಕ್‌ನಲ್ಲಿ ಕವಲು ಮುಳ್ಳು ಜಾಸ್ತಿ. ತುಂಡಿಗೆ ಒತ್ತೊತ್ತಾಗಿ ಗೀರು ಹಾಕಿ ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದರೆ ಸಣ್ಣ ಮುಳ್ಳು ಗೊತ್ತೇ ಆಗುವುದಿಲ್ಲ. ಬರ್ಬಟ್ ಮಾಂಸ ಗಟ್ಟಿ, ಹುಣಸೆ ಹಾಕಿದ ಗಸಿಯಲ್ಲೂ ಒಡೆಯುವುದಿಲ್ಲ. ಅದರ ಲಿವರ್ ಅನ್ನು ಊರಿನವರು ಬಿಡುವುದೇ ಇಲ್ಲ. ಹೆಪ್ಪುಗಟ್ಟಿದ ಹಸಿ ಮೀನನ್ನು ಸೀಲ್ ಎಣ್ಣೆಯಲ್ಲಿ ಅದ್ದಿ ಕೊಟ್ಟರೆ ಒಂದು ಚೂರು ರುಚಿ ನೋಡಿ. ಆದರೆ ನೀವೇ ಹಿಡಿದ ಪೈಕ್, ಬರ್ಬಟ್ ಹಸಿ ತಿನ್ನಬೇಡಿ, ಲಾಡಿಹುಳದ ಮರಿ ಇರಬಹುದು. ಚೆನ್ನಾಗಿ ಬೇಯಿಸಿ, ಇಲ್ಲವೇ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಿ. ಮೀನಿನ ತಲೆಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿ ಹುಳಿಸುವ ಪ್ರಯೋಗವಂತೂ ಬೇಡ. ಬೊಟುಲಿಸಂ ಎಂಬ ಆಹಾರ ವಿಷಬಾಧೆ ಆದರೆ, ಬೆಥೆಲ್‌ಗೆ ಒಯ್ಯಲು ವಿಮಾನ ಬರುವವರೆಗೆ ಊರಿನ ಕ್ಲಿನಿಕ್‌ನಲ್ಲಿ ಹೆಲ್ತ್ ಏಡ್ (ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆ ಅಥವಾ ಕಾರ್ಯಕರ್ತ) ಒಬ್ಬರೇ ನಿಮ್ಮ ಪಾಲಿಗೆ ಡಾಕ್ಟರು.

ಸಸ್ಯಾಹಾರಿಗಳು ಏನು ಮಾಡಬೇಕು? ನದಿಗೆ ಬನ್ನಿ. ತೂತಿನ ಪುಡಿ ಐಸ್ ತೆಗೆಯುವವರು, ಚಹಾ ಕಾಯಿಸುವವರು ಯಾವಾಗಲೂ ಬೇಕು. ನಾನು ತಿನ್ನುವುದಿಲ್ಲ ಎಂದು ಒಮ್ಮೆ ನೇರವಾಗಿ ಹೇಳಿದರೆ ಯಾರೂ ಒತ್ತಾಯ ಮಾಡುವುದಿಲ್ಲ. ಕ್ರ್ಯಾನ್‌ಬೆರಿ, ಸಾಲ್ಮನ್‌ಬೆರಿ ಹಣ್ಣು ಕೊಡುತ್ತಾರೆ. ಅಕುತಾಕ್ ಎಂಬ ಸಿಹಿ ತಿನಿಸನ್ನು ಮಾತ್ರ ಕೇಳಿ ತಿನ್ನಿ. ಹಣ್ಣು ಸಕ್ಕರೆ ಕಾಣುತ್ತದೆ, ಒಳಗೆ ಕೊಬ್ಬು ಇರುತ್ತದೆ, ಎಷ್ಟೋ ಸಲ ಮೀನೂ ಇರುತ್ತದೆ.

ಹೆಜ್ಜೆ 8: ಯಾವಾಗ ನಿಲ್ಲಿಸಬೇಕು

ಮೀನಿಗೆ ಚೆಂದದ ಕಾಲ ಮಾರ್ಚ್ ಮತ್ತು ಏಪ್ರಿಲ್. ಡಿಸೆಂಬರ್‌ನಲ್ಲಿ ಬೆಥೆಲ್‌ಗೆ ಐದೂವರೆ ಗಂಟೆ ಹಗಲು, ಶಾಲೆ ಬಿಡುವಷ್ಟರಲ್ಲಿ ಮುಗಿಯುತ್ತಾ ಬಂದಿರುತ್ತದೆ. ಏಪ್ರಿಲ್‌ನಲ್ಲಿ ಶಾಲೆ ಬಿಟ್ಟ ಮೇಲೂ ಗಂಟೆಗಟ್ಟಲೆ ಬಿಸಿಲು. ಹಿಮದ ಮೇಲಿನ ಆ ಬೆಳಕಿಗೆ ಕಪ್ಪು ಕನ್ನಡಕ ಬೇಕೇ ಬೇಕು, ಇಲ್ಲದಿದ್ದರೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದಂತೆ ಉರಿ.

ಮುಂದಿನ ವರ್ಷದ ಕರಾರು ಪತ್ರವೂ ಸುಮಾರಾಗಿ ಇದೇ ಕಾಲಕ್ಕೆ ಬರುತ್ತದೆ. ತೂತಿನ ಪಕ್ಕ ಕೂತ ಹುಡುಗ ದಾರ ಆಡಿಸುತ್ತಾ ಕೇಳುತ್ತಾನೆ, "ಮುಂದಿನ ವರ್ಷ ಬರ್ತೀರಾ?" ವರ್ಷ ವರ್ಷ ಮೇಷ್ಟ್ರು ಬದಲಾಗುವುದನ್ನು ನೋಡಿದ ಮಕ್ಕಳು ಅವರು. ಗ್ಯಾರಂಟಿ ಇಲ್ಲದಿದ್ದರೆ ಹೌದು ಅನ್ನಬೇಡಿ. ಗೊತ್ತಾದ ದಿನ ಹೇಳ್ತೀನಿ ಅನ್ನಿ, ಗೊತ್ತಾದ ದಿನ ಹೇಳಿ.

ಏಪ್ರಿಲ್ ಕೊನೆಗೆ ಐಸ್ ದಪ್ಪ ಇದ್ದರೂ ನಂಬಬೇಡಿ. ಬಿಸಿಲಿಗೆ ಅದು ಉದ್ದುದ್ದ ಕಡ್ಡಿಗಳಾಗಿ ಬಿಡಿಸಿಕೊಳ್ಳುತ್ತದೆ. ಹಾರೆ ಒಂದೇ ಏಟಿಗೆ ಒಳಹೋಗುತ್ತದೆ. ದಡದಲ್ಲಿ ನೀರು ಬಿಟ್ಟುಕೊಂಡಿದ್ದರೆ ಆ ವರ್ಷದ ಮೀನು ಮುಗಿಯಿತು. ಬೈರಿಗೆಯ ಅಲಗು ಬಿಚ್ಚಿ ಒರೆಸಿ ಎಣ್ಣೆ ಹಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಬೇಸಿಗೆಗೆ ಮನೆ ಖಾಲಿ ಮಾಡಬೇಕಾದರೆ ಹಾರೆ, ಬೈರಿಗೆಯನ್ನು ನಿಮ್ಮನ್ನು ನದಿಗೆ ಕರೆದುಕೊಂಡು ಹೋದವರ ಮನೆಯಲ್ಲೇ ಬಿಡಿ. ನೀವು ಬಾರದಿದ್ದರೂ ಅವರು ಉಪಯೋಗಿಸುತ್ತಾರೆ.